ಮೇಷ್ಟ್ರನ್ನು ಶಾಲೆಗೇ ಬಿಟ್ಟುಬಿಡಿ

ಶಿಕ್ಷಕರು ದಣಿದಿದ್ದಾರೆ ಎಂಬುದನ್ನು ಈಗ ಶಿಕ್ಷಣ ಇಲಾಖೆಯೂ ಒಪ್ಪುತ್ತದೆ. ಒಪ್ಪಿದ ಮೇಲೆ ಅದು ಕೊಡುವ ಮದ್ದು ಮಾತ್ರ ವಿಚಿತ್ರ. ಒತ್ತಡ ನಿರ್ವಹಣೆಯ ಕಾರ್ಯಾಗಾರ, ಒಂದು ಗಂಟೆ ಪ್ರಾಣಾಯಾಮ, ಮನೆ ಮತ್ತು ಕೆಲಸವನ್ನು ತೂಗಿಸಿಕೊಂಡು ಹೋಗುವುದು ಹೇಗೆಂದು ಸಂಪನ್ಮೂಲ ವ್ಯಕ್ತಿಯೊಬ್ಬರ ಉಪನ್ಯಾಸ. ಅದಕ್ಕೂ ಹಾಜರಾತಿ ಕಡ್ಡಾಯ, ಕೊನೆಗೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ದಣಿಸಿದವರೇ ಉಸಿರಾಡುವುದನ್ನು ಹೇಳಿಕೊಡಲು ಬಂದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ದಣಿವು ಎಲ್ಲಿಂದ ಬರುತ್ತದೆ ಎಂಬುದಕ್ಕೆ 2025ರ ದಸರಾ ರಜೆಯನ್ನೇ ನೋಡಿ. ಸೆಪ್ಟೆಂಬರ್ 20ಕ್ಕೆ ಶಾಲೆಗಳಿಗೆ ರಜೆ ಶುರುವಾಯಿತು. 22ಕ್ಕೆ, ನವರಾತ್ರಿಯ ಮೊದಲ ದಿನವೇ, ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಅದು ಮುಗಿಯಬೇಕಿದ್ದದ್ದು ಅಕ್ಟೋಬರ್ 7ಕ್ಕೆ. ರಜೆ ಮುಗಿಯುವುದೂ ಅಂದೇ. ಇದು ಕಾಕತಾಳೀಯವಲ್ಲ. ಸುಮಾರು 1.75 ಲಕ್ಷ ಗಣತಿದಾರರು ಬೇಕಿದ್ದರು, ಅವರಲ್ಲಿ ಬಹುಪಾಲು ಶಿಕ್ಷಕರನ್ನೇ ಹಾಕುವುದೆಂದು ತೀರ್ಮಾನವಾಗಿತ್ತು. ಸರ್ಕಾರದ ಕಣ್ಣಿಗೆ ರಜೆಯಲ್ಲಿರುವ ಮೇಷ್ಟ್ರು ಎಂದರೆ ಖಾಲಿ ಕೂತ ಮೇಷ್ಟ್ರು.

ಮುಂದಿನದು ಎಲ್ಲರಿಗೂ ಗೊತ್ತು. ಮನೆಗೆ 60 ಪ್ರಶ್ನೆ, ಕೈಕೊಡುವ ಆ್ಯಪ್, ಬಾರದ ಒಟಿಪಿ. ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆಯ ಜಾಡು ಹಿಡಿದು ಹೋದರೆ ಅಲ್ಲಿ ಮನೆಯ ಬದಲು ಪಂಪ್‌ಸೆಟ್! ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದವರಿದ್ದರು, ನಾಯಿ ಕಚ್ಚಿಸಿಕೊಂಡವರಿದ್ದರು. ಜನ ಮನೆಯಲ್ಲಿ ಸಿಗುವುದು ಕತ್ತಲಾದ ಮೇಲೆ, ಹಾಗಾಗಿ ಶಿಕ್ಷಕಿಯರು ಗುರುತಿಲ್ಲದ ಬೀದಿಗಳಲ್ಲಿ ರಾತ್ರಿ ಬಾಗಿಲು ತಟ್ಟಿದರು. ಗೈರಾದವರಿಗೆ ನೋಟಿಸ್, ಅಮಾನತು. ಇಷ್ಟಾಗಿಯೂ ಕೆಲಸ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನೇ ಮುಚ್ಚಲಾಯಿತು. ಖಾಸಗಿ ಶಾಲೆಯ ಮಗು ಪಾಠ ಕೇಳುತ್ತಿದ್ದಾಗ ಸರ್ಕಾರಿ ಶಾಲೆಯ ಮಗು ಮನೆಯಲ್ಲಿತ್ತು. ಸಮೀಕ್ಷೆ ನಡೆದದ್ದು ಯಾರ ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಅಳೆಯಲು ಎಂಬುದನ್ನು ನೆನೆದರೆ ಇದಕ್ಕಿಂತ ಕ್ರೂರ ವ್ಯಂಗ್ಯ ಇನ್ನೊಂದಿಲ್ಲ. ಕಳೆದ ದಿನಗಳನ್ನು ವಿಶೇಷ ತರಗತಿ ನಡೆಸಿ ಸರಿದೂಗಿಸಿ ಎಂದರು. ಸರಿದೂಗಿಸಬೇಕಾದವರು ಯಾರು? ಮತ್ತದೇ ಮೇಷ್ಟ್ರು.

ನಾನು ಸಮೀಕ್ಷೆಯ ವಿರೋಧಿಯಲ್ಲ. ಜಾತಿಯ ಲೆಕ್ಕವಿಲ್ಲದೆ ಸಾಮಾಜಿಕ ನ್ಯಾಯದ ಮಾತಿಗೆ ಬುಡವಿಲ್ಲ ಎಂದೇ ನನ್ನ ನಂಬಿಕೆ. ಆ ಲೆಕ್ಕವನ್ನು ಶಾಲೆಯ ಸಮಯದಿಂದ, ಶಿಕ್ಷಕರ ಮನೆಯ ಸಮಯದಿಂದ ಕದ್ದು ಮಾಡಬೇಕೇ ಎಂಬುದಷ್ಟೇ ನನ್ನ ತಕರಾರು.

ಕಾನೂನಿನಲ್ಲಿ ಉತ್ತರವಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಮು ಶಿಕ್ಷಕರನ್ನು ಮೂರೇ ಹೊರಗೆಲಸಗಳಿಗೆ ಬಳಸಬಹುದು ಎನ್ನುತ್ತದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ. ಆಯೋಗದ ಸಮೀಕ್ಷೆ ಈ ಮೂರರಲ್ಲಿ ಯಾವುದು? ಆಯೋಗಕ್ಕೆ 1995ರ ತನ್ನದೇ ಕಾಯ್ದೆಯ ಬಲವಿದೆ ಎಂದು ವಾದಿಸಬಹುದು. ಸಮೀಕ್ಷೆ ಮಾಡಲು ಬಲವಿದೆ, ನಿಜ. ಆದರೆ ತರಗತಿಯನ್ನು ಖಾಲಿ ಮಾಡಲು?

ಚುನಾವಣಾ ಕೆಲಸದ ಬಗ್ಗೆ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು: ಶಿಕ್ಷಕರನ್ನು ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಬಳಸಿಕೊಳ್ಳಿ. ಮಗುವಿನ ದೃಷ್ಟಿಯಿಂದ ಒಳ್ಳೆಯ ತೀರ್ಪು. ಆದರೆ ಶಿಕ್ಷಕರ ರಜೆ ಸರ್ಕಾರ ಬೇಕೆಂದಾಗ ಕೈಹಾಕಬಹುದಾದ ಹುಂಡಿಯಾದದ್ದೂ ಇಂಥ ಒಳ್ಳೆಯ ಉದ್ದೇಶದಿಂದಲೇ. ಪಾಠದ ಗಂಟೆಯನ್ನು ಕಾಪಾಡಲು ಒಂದಿಷ್ಟು ಮಂದಿಯಾದರೂ ಇದ್ದಾರೆ. ವಿಶ್ರಾಂತಿಯ ಗಂಟೆಗೆ ವಕೀಲರೇ ಇಲ್ಲ.

‘ಕೈತುಂಬ ಸಂಬಳ, ವರ್ಷಕ್ಕೆರಡು ದೊಡ್ಡ ರಜೆ, ಮೇಲೆ ಸಮೀಕ್ಷೆಗೆ 20 ಸಾವಿರದವರೆಗೆ ಗೌರವಧನ, ಇನ್ನೇನು ಬೇಕು?’ ಎಂಬ ಮಾತು ಬಸ್‌ನಲ್ಲೂ ಕೇಳುತ್ತದೆ, ಟಿ.ವಿ. ಚರ್ಚೆಯಲ್ಲೂ ಕೇಳುತ್ತದೆ. ಆ ದೊಡ್ಡ ರಜೆಗೆ ಶಿಕ್ಷಕರು ಬೆಲೆ ತೆತ್ತಿದ್ದಾರೆ. ಉಳಿದ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆಯಾದರೆ ಶಿಕ್ಷಕರಿಗೆ 10. ದಸರಾ, ಬೇಸಿಗೆ ರಜೆ ಇದೆಯಲ್ಲ ಎಂಬುದೇ ಅದಕ್ಕೆ ಕೊಡುವ ಕಾರಣ. ಹೀಗೆ ಒಂದು ಕೈಯಿಂದ ಗಳಿಕೆ ರಜೆಯನ್ನು ಕಡಿತ ಮಾಡಿ, ಇನ್ನೊಂದು ಕೈಯಿಂದ ದಸರಾವನ್ನೂ ಕಿತ್ತುಕೊಂಡರೆ ಉಳಿಯುವುದೇನು? ಗೌರವಧನ ಕೆಲಸದ ಕೂಲಿ, ನಿದ್ದೆಗೆ ಪರಿಹಾರವಲ್ಲ.

ರಜೆ ಮುಗಿದು ಶಾಲೆ ತೆರೆದರೂ ಪಾಠ ಮೊದಲು ಶುರುವಾಗುವುದಿಲ್ಲ. ಹಾಲಿನ ಪುಡಿಯ ದಾಸ್ತಾನು, ಮೊಟ್ಟೆ–ಬಾಳೆಹಣ್ಣಿನ ಲೆಕ್ಕ, ಬಿಸಿಯೂಟದ ವರದಿ, ಸ್ಯಾಟ್ಸ್, ಯುಡೈಸ್ ಜಾಲತಾಣಗಳಿಗೆ ಮಾಹಿತಿ ತುಂಬುವುದು, ಆಧಾರ್ ತಿದ್ದುಪಡಿ. ಮೊಟ್ಟೆಗೆ ಸರ್ಕಾರ ಕೊಡುವ ದರ ಮತ್ತು ಸಂತೆಯ ದರದ ನಡುವಿನ ಅಂತರವನ್ನು ತುಂಬುವುದು ಎಷ್ಟೋ ಕಡೆ ಮುಖ್ಯ ಶಿಕ್ಷಕರ ಜೇಬು. ಹತ್ತಾರು ಸಾವಿರ ಹುದ್ದೆಗಳು ಖಾಲಿ ಬಿದ್ದಿವೆ, ಇದ್ದವರೇ ಅದನ್ನೂ ಹೊರಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಆ ಒಬ್ಬರು ತರಬೇತಿಗೆ ಹೋದರೆ ಅಂದು ಶಾಲೆಯೇ ಇಲ್ಲ. ಕೊನೆಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿದಾಗ ಕಾರಣ ಕೇಳುವ ನೋಟಿಸ್ ಮಾತ್ರ ಆಯೋಗಕ್ಕೆ ಹೋಗುವುದಿಲ್ಲ, ತಹಶೀಲ್ದಾರರಿಗೆ ಹೋಗುವುದಿಲ್ಲ. ಅದು ಸರಿಯಾಗಿ ಶಾಲೆಯ ವಿಳಾಸಕ್ಕೇ ಬರುತ್ತದೆ.

ಶಿಕ್ಷಕರ ಸಂಘಟನೆಗಳನ್ನೂ ಬಿಡುವಂತಿಲ್ಲ. ಗಡುವನ್ನು ಹತ್ತು ದಿನ ವಿಸ್ತರಿಸಿ ಎಂದು ಸಂಘವೇ ಕೇಳಿಕೊಂಡಿತ್ತು ಎಂದು ಸರ್ಕಾರ ಹೇಳಿತು. ಗೌರವಧನ ಮತ್ತು ಗಡುವಿನ ಮಾತಾಡಿದಷ್ಟು ಗಟ್ಟಿಯಾಗಿ 27ನೇ ಕಲಮಿನ ಮಾತನ್ನು ಯಾರೂ ಆಡಲಿಲ್ಲ.

ಹಾಗಾದರೆ ಸಮೀಕ್ಷೆಯನ್ನು ಯಾರು ಮಾಡಬೇಕು? ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತಿರುವುದು ಇದೇ ಸರ್ಕಾರ. ಸಮೀಕ್ಷೆಗೆಂದು ಆರಂಭದಲ್ಲೇ 420 ಕೋಟಿ ತೆಗೆದಿಟ್ಟದ್ದೂ ಇದೇ ಸರ್ಕಾರ. ಕೆಲಸವಿಲ್ಲದವರ ಪಟ್ಟಿಯೂ ಹಣವೂ ಒಂದೇ ಸೂರಿನಡಿ ಇರುವಾಗ, ಕೆಲಸವಿದ್ದವರನ್ನು ಕೆಲಸ ಬಿಡಿಸಿ ಕರೆದೊಯ್ದದ್ದೇಕೆ? ಹೊಸಬರನ್ನು ಜನ ನಂಬುವುದಿಲ್ಲ, ಮೇಷ್ಟ್ರಾದರೆ ಬಾಗಿಲು ತೆರೆಯುತ್ತಾರೆ ಎನ್ನುವರು. ಆ ನಂಬಿಕೆ ಊರಿನ ಮಕ್ಕಳಿಗೆ ಅಕ್ಷರ ಕಲಿಸಿ ಗಳಿಸಿದ್ದು. ಮನೆಯ ಸಾಲ, ಆದಾಯ ಎಷ್ಟೆಂದು ಮಗುವಿನ ಎದುರೇ ಕೇಳಿ ಬರೆದುಕೊಂಡ ಮೇಷ್ಟ್ರು ಮತ್ತೆ ಅದೇ ಮಗುವಿಗೆ ಪಾಠ ಮಾಡಬೇಕು ಎಂಬುದನ್ನು ಯೋಜನೆ ಹಾಕಿದವರು ಯೋಚಿಸಿದಂತಿಲ್ಲ.

ಇದು ಬರೀ ಕರ್ನಾಟಕದ ಕಥೆಯೂ ಅಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳ ಸೇರಿ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಮತಗಟ್ಟೆ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ಸಾವಿನ ಸುದ್ದಿಗಳು ಬಂದವು. ಅವರಲ್ಲಿ ಶಿಕ್ಷಕರೂ ಇದ್ದರು. ಹೆಚ್ಚುವರಿ ಸಿಬ್ಬಂದಿ ಒದಗಿಸಿ ಎಂದು ರಾಜ್ಯಗಳಿಗೆ ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು.

ಜನಗಣತಿಗೆ ಕಾನೂನಿನ ಒಪ್ಪಿಗೆಯಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜನರ ಎಣಿಕೆಗೆ ಗೊತ್ತಾಗಿರುವುದು 2027ರ ಫೆಬ್ರುವರಿ, ಹತ್ತನೇ ತರಗತಿಯವರು ಪುನರಾವರ್ತನೆಯಲ್ಲಿ ಮುಳುಗಿರುವ ತಿಂಗಳು. ಗಣತಿಗೆ ಕಳುಹಿಸುವ ಆದೇಶದಲ್ಲೇ ಮೂರು ಸಾಲು ಸೇರಿರಲಿ: ಏಕೋಪಾಧ್ಯಾಯ ಶಾಲೆಯವರಿಗೂ ಹತ್ತನೇ ತರಗತಿಗೆ ಪಾಠ ಮಾಡುವವರಿಗೂ ವಿನಾಯಿತಿ, ರಜೆಯಲ್ಲಿ ದುಡಿದ ಪ್ರತಿ ದಿನಕ್ಕೆ ಕೇಳದೆಯೇ ಒಂದು ದಿನ ಗಳಿಕೆ ರಜೆ, ಆ ವರ್ಷ ರಾಜ್ಯದ ಇನ್ನಾವ ಸಮೀಕ್ಷೆಗೂ ಶಿಕ್ಷಕರನ್ನು ಕರೆಯುವುದಿಲ್ಲ ಎಂಬ ಮುಖ್ಯ ಕಾರ್ಯದರ್ಶಿಗಳ ಸಹಿ. ಪ್ರಾಣಾಯಾಮದ ಕಾರ್ಯಾಗಾರವನ್ನು ಬೇಕಿದ್ದರೆ ಆಮೇಲೆ ಇಟ್ಟುಕೊಳ್ಳಲಿ, ಹಾಜರಾತಿ ಐಚ್ಛಿಕವಾಗಿರಲಿ.