ಕಂಪ್ಯೂಟರ್ ಯುದ್ಧದ ಹೊಸ ಗುರಿ: ಮನೆಯ ದೀಪ

2015ರ ಡಿಸೆಂಬರ್ 23ರ ಸಂಜೆಯ ಹೊತ್ತು. ಯುಕ್ರೇನ್ ದೇಶದ ಪಶ್ಚಿಮ ಭಾಗದಲ್ಲಿರುವ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ್ಯದ ವಿದ್ಯುತ್ ಕಂಪೆನಿಯ ನಿಯಂತ್ರಣ ಕೊಠಡಿಯಲ್ಲಿದ್ದ ಸಿಬ್ಬಂದಿ ವಿಚಿತ್ರವೊಂದನ್ನು ಕಂಡರು. ಕಂಪ್ಯೂಟರ್ ಪರದೆಯ ಮೇಲೆ ಮೌಸ್‌ನ ಬಾಣ ಯಾರೂ ಮುಟ್ಟದೆ ತಾನಾಗಿಯೇ ಓಡಾಡತೊಡಗಿತ್ತು. ಅದು ಸಬ್‌ಸ್ಟೇಷನ್‌ಗಳ ಬ್ರೇಕರುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಯಿತು. ತಡೆಯಲು ಯತ್ನಿಸಿದ ಸಿಬ್ಬಂದಿಗೆ ತಮ್ಮದೇ ಕಂಪ್ಯೂಟರಿನೊಳಗೆ ಪ್ರವೇಶವಿರಲಿಲ್ಲ. ಪಾಸ್‌ವರ್ಡನ್ನು ಯಾರೋ ಬದಲಾಯಿಸಿಬಿಟ್ಟಿದ್ದರು. ಅಂದು ಒಟ್ಟು ಮೂರು ವಿದ್ಯುತ್ ವಿತರಣಾ ಕಂಪೆನಿಗಳ ಮೇಲೆ ಹೀಗೆಯೇ ದಾಳಿ ನಡೆಯಿತು. ಚಳಿಗಾಲದ ಆ ಸಂಜೆ ಸುಮಾರು 2,25,000 ಗ್ರಾಹಕರು ಒಂದರಿಂದ ಆರು ಗಂಟೆಗಳ ಕಾಲ ಕತ್ತಲಲ್ಲಿ ಕುಳಿತರು. ಕಂಪ್ಯೂಟರ್ ದಾಳಿಯಿಂದ ಒಂದು ಪ್ರದೇಶದ ವಿದ್ಯುತ್ತನ್ನೇ ಕಡಿದ, ಜಗತ್ತಿಗೆ ತಿಳಿದುಬಂದ ಮೊದಲ ಘಟನೆ ಇದು.

ಇದು ಒಂದು ದಿನದ ಕೆಲಸವಾಗಿರಲಿಲ್ಲ. ತಿಂಗಳುಗಳ ಮೊದಲೇ ಕಂಪೆನಿಯ ನೌಕರರಿಗೆ ಇ-ಮೇಲ್‌ಗಳು ಬಂದಿದ್ದವು. ನೋಡಲು ಸಾಮಾನ್ಯ ಕಚೇರಿ ಕಡತದಂತಿದ್ದ ಅವುಗಳನ್ನು ತೆರೆದಾಗ ಕಳ್ಳ ತಂತ್ರಾಂಶವೊಂದು ಒಳಹೊಕ್ಕಿತು. ದಾಳಿಕೋರರು ಸದ್ದಿಲ್ಲದೆ ಒಳಗೇ ಕುಳಿತು, ಯಾವ ಗುಂಡಿ ಒತ್ತಿದರೆ ಯಾವ ಊರಿನ ದೀಪ ಆರುತ್ತದೆ ಎಂಬುದನ್ನು ಕಲಿತರು. ಕೊನೆಗೆ ಕೈಮಾಡಿದ ದಿನ ವಿದ್ಯುತ್ ಕಡಿದುದಷ್ಟೇ ಅಲ್ಲ, ನಿಯಂತ್ರಣ ಕೊಠಡಿಯ ಯುಪಿಎಸ್ ಅನ್ನೂ ನಿಲ್ಲಿಸಿದರು. ಗ್ರಾಹಕರು ಕರೆ ಮಾಡುವ ದೂರವಾಣಿಗೆ ಸಾವಿರಾರು ಸುಳ್ಳು ಕರೆಗಳನ್ನು ಹರಿಸಿದರು. ಜನರು ನಿದ್ರಿಸುತ್ತಿದ್ದಾಗ ವೈರಿಯು ಬಂದು ಗೋದಿಯ ನಡುವೆ ಕಳೆ ಬಿತ್ತಿ ಹೋದ ಎಂದು ಪ್ರಭು ಯೇಸು ಹೇಳಿದ ಸಾಮತಿ ನಮಗೆ ಇಲ್ಲಿ ನೆನಪಾಗದೆ ಇರದು.

ಆ ಊರುಗಳಿಗೆ ಬೆಳಕು ಮರಳಿದ್ದು ಹೇಗೆ? ಕಂಪ್ಯೂಟರಿನಿಂದಲ್ಲ. ಕಂಪೆನಿಯ ನೌಕರರು ಸಬ್‌ಸ್ಟೇಷನ್‌ಗಳಿಗೆ ವಾಹನದಲ್ಲಿ ಧಾವಿಸಿ ಬ್ರೇಕರುಗಳನ್ನು ಕೈಯಿಂದಲೇ ಆನ್ ಮಾಡಿದರು. ಅಲ್ಲಿನ ಉಪಕರಣಗಳು ಹಳೆಯವು, ಕೈಯಿಂದ ನಡೆಸಲು ಬರುವಂಥವು. ಅವುಗಳನ್ನು ನಡೆಸಲು ಬಲ್ಲ ಜನರೂ ಇದ್ದರು. ಹೊಸತನದ ಭರಾಟೆಯಲ್ಲಿ ಇವೆರಡನ್ನೂ ಕೈಬಿಟ್ಟಿದ್ದರೆ ಕತ್ತಲು ಗಂಟೆಗಳ ಬದಲು ದಿನಗಟ್ಟಲೆ ಉಳಿಯುತ್ತಿತ್ತು.

ಮರುವರ್ಷ, 2016ರ ಡಿಸೆಂಬರ್‌ನಲ್ಲಿ, ರಾಜಧಾನಿ ಕೀವ್ ನಗರದ ಒಂದು ಭಾಗ ಇಂಥದೇ ದಾಳಿಯಿಂದ ಸುಮಾರು ಒಂದು ಗಂಟೆ ಕಾಲ ವಿದ್ಯುತ್ ಕಳೆದುಕೊಂಡಿತು. ಈ ಎರಡೂ ಕೃತ್ಯಗಳಿಗಾಗಿ ಅಮೆರಿಕದ ನ್ಯಾಯ ಇಲಾಖೆ 2020ರ ಅಕ್ಟೋಬರ್‌ನಲ್ಲಿ ರಷ್ಯಾದ ಸೇನಾ ಗುಪ್ತಚರ ವಿಭಾಗದ ಆರು ಅಧಿಕಾರಿಗಳ ಮೇಲೆ ಆರೋಪಪಟ್ಟಿ ಹೊರಿಸಿತು. ರಷ್ಯಾ ಅದನ್ನು ನಿರಾಕರಿಸಿತು. ಹಾಗೆಂದು ಒಂದೇ ದೇಶದತ್ತ ಬೆರಳು ತೋರಿ ಸುಮ್ಮನಾಗುವಂತಿಲ್ಲ. ಯಂತ್ರಗಳನ್ನೇ ಹಾಳುಗೆಡಹುವ ಕಂಪ್ಯೂಟರ್ ಅಸ್ತ್ರ ಜಗತ್ತಿನ ಕಣ್ಣಿಗೆ ಬಿದ್ದದ್ದು 2010ರಲ್ಲಿ. ಇರಾನ್‌ನ ನತಾಂಜ್ ಪರಮಾಣು ಘಟಕದ ಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ಅನ್ನು ಅಮೆರಿಕ ಮತ್ತು ಇಸ್ರೇಲ್ ಸೇರಿ ಸಿದ್ಧಪಡಿಸಿದವು ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಎರಡೂ ಸರಕಾರಗಳು ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿಲ್ಲ. ಅಮೆರಿಕವು ರಷ್ಯಾದ ವಿದ್ಯುತ್ ಜಾಲದೊಳಗೆ ಇಂಥ ತಂತ್ರಾಂಶವನ್ನು ಹುದುಗಿಸಿಡುತ್ತಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2019ರ ಜೂನ್‌ನಲ್ಲಿ ವರದಿ ಮಾಡಿದಾಗ ಅಧ್ಯಕ್ಷ ಟ್ರಂಪ್ ಅದನ್ನು ಸುಳ್ಳೆಂದರು. ಸತ್ಯವೇನೇ ಇರಲಿ, ದೊಡ್ಡ ರಾಷ್ಟ್ರಗಳು ಪರಸ್ಪರರ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿವೆ ಎಂಬ ಭಯ ಆಧಾರವಿಲ್ಲದ್ದಲ್ಲ.

ನಮ್ಮ ದೇಶದ ಸ್ಥಿತಿಯೇನು? 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಆಡಳಿತ ವಿಭಾಗಕ್ಕೆ ಸೇರಿದ ಕಂಪ್ಯೂಟರೊಂದರಲ್ಲಿ ಕಳ್ಳ ತಂತ್ರಾಂಶ ಪತ್ತೆಯಾಯಿತು. ಸ್ಥಾವರವನ್ನು ನಡೆಸುವ ವ್ಯವಸ್ಥೆಗೆ ಧಕ್ಕೆಯಾಗಿಲ್ಲ ಎಂದು ಪರಮಾಣು ವಿದ್ಯುತ್ ನಿಗಮ ಸ್ಪಷ್ಟಪಡಿಸಿತು. 2020ರ ಅಕ್ಟೋಬರ್ 12ರಂದು ಮುಂಬೈ ಮಹಾನಗರದ ವಿದ್ಯುತ್ ಹೋಗಿ ಲೋಕಲ್ ರೈಲುಗಳು ನಿಂತವು. ಕೋವಿಡ್ ರೋಗಿಗಳಿಂದ ತುಂಬಿದ್ದ ಆಸ್ಪತ್ರೆಗಳು ಜನರೇಟರ್‌ಗಳನ್ನು ನಂಬಬೇಕಾಯಿತು. ಚೀನಾ ನಂಟಿನ ಗುಂಪೊಂದು ಭಾರತದ ವಿದ್ಯುತ್ ನಿಯಂತ್ರಣ ಕೇಂದ್ರಗಳೊಳಗೆ ನುಸುಳಿದೆ ಎಂದು ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಸಂಸ್ಥೆ 2021ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಆದರೆ ಮುಂಬೈ ಘಟನೆಗೂ ಅದಕ್ಕೂ ಸಂಬಂಧ ಸ್ಥಾಪಿತವಾಗಿಲ್ಲ ಎಂದು ಅದೇ ಸಂಸ್ಥೆ ಹೇಳಿತ್ತು. ಮಹಾರಾಷ್ಟ್ರದ ಗೃಹ ಸಚಿವರು ಬುಡಮೇಲು ಕೃತ್ಯದ ಶಂಕೆ ವ್ಯಕ್ತಪಡಿಸಿದರೆ, ಕೇಂದ್ರ ವಿದ್ಯುತ್ ಸಚಿವ ಆರ್.ಕೆ. ಸಿಂಗ್ ಅದು ಮಾನವ ತಪ್ಪಿನಿಂದಾದದ್ದು ಎಂದರು. ಈ ಯುದ್ಧದ ದೊಡ್ಡ ಅಪಾಯ ಇಲ್ಲಿದೆ ನೋಡಿ. ಬಾಂಬು ಬಿದ್ದರೆ ಬಿದ್ದದ್ದು ತಿಳಿಯುತ್ತದೆ. ಇಲ್ಲಿ ದಾಳಿ ನಡೆಯಿತೇ ಇಲ್ಲವೇ ಎಂಬುದರಲ್ಲೇ ಸಚಿವರಿಗೆ ಒಮ್ಮತವಿಲ್ಲ. ಶಂಕೆಯೊಂದನ್ನೇ ನಂಬಿ ಪ್ರತೀಕಾರಕ್ಕೆ ಹೊರಟರೆ ನಿಜವಾದ ಯುದ್ಧವೇ ಹೊತ್ತಿಕೊಳ್ಳಬಹುದು.

ನಮ್ಮ ಕರಾವಳಿಗೂ ಇದು ದೂರದ ವಿಷಯವಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಹಾಗೂ ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಲ್ಲಿ ಮುಳುಗಿತು. ಅದು ಯಾರ ದಾಳಿಯೂ ಆಗಿರಲಿಲ್ಲ. ಅತಿಯಾದ ಹೊರೆ ಕಾರಣವಾಗಿತ್ತು. ಆಗ ದಕ್ಷಿಣ ಭಾರತ ಪಾರಾಯಿತು, ಏಕೆಂದರೆ ನಮ್ಮ ಗ್ರಿಡ್ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ನಮ್ಮದೇ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಮಾರ್ಗವು ದಕ್ಷಿಣವನ್ನು ಉಳಿದ ದೇಶದೊಂದಿಗೆ ಬೆಸೆಯಿತು. ಅಂದಿನಿಂದ ದೇಶಕ್ಕೆ ಒಂದೇ ಗ್ರಿಡ್. ಕೊರತೆಯ ದಿನಗಳಲ್ಲಿ ಇದು ವರದಾನ. ಆದರೆ ಒಂದೆಡೆಯ ಕುಸಿತ ಇನ್ನೊಂದೆಡೆಗೆ ಹಬ್ಬುವ ಸಾಧ್ಯತೆಯೂ ಇದರೊಂದಿಗೇ ಬಂದಿದೆ.

ಕೆಲವರು ಇದನ್ನು ರಕ್ತ ಹರಿಸದ ಯುದ್ಧವೆಂದು ಕರೆಯುವುದುಂಟು. ಸೈನಿಕ ಸಾಯುವುದಕ್ಕಿಂತ ದೀಪ ಆರುವುದು ಮೇಲಲ್ಲವೇ ಎಂದು ವಾದಿಸುವುದೂ ಉಂಟು. ಈ ಮಾತನ್ನು ನಾವು ಒಪ್ಪಲಾಗದು. ವಿದ್ಯುತ್ ನಿಂತಾಗ ಮೊದಲು ತೊಂದರೆಗೆ ಸಿಲುಕುವವನು ಸೈನಿಕನಲ್ಲ. ಅವನ ಶಿಬಿರಕ್ಕೆ ಜನರೇಟರ್ ಇದೆ. ಮನೆಯಲ್ಲಿ ಆಮ್ಲಜನಕದ ಯಂತ್ರಕ್ಕೆ ಅಂಟಿಕೊಂಡಿರುವ ವೃದ್ಧೆ, ಡಯಾಲಿಸಿಸ್‌ಗೆ ಬಂದ ರೋಗಿ, ಇನ್‌ಕ್ಯುಬೇಟರಿನಲ್ಲಿರುವ ಹಸುಗೂಸು, ಪಂಪು ನಿಂತು ನೀರಿಲ್ಲದಾದ ಬಡ ಕೇರಿ, ಇವರೇ ಇದರ ಮೊದಲ ಬಲಿಗಳು. ಇಡೀ ನಗರಗಳನ್ನು ಅಲ್ಲಿನ ಜನರೊಂದಿಗೆ ವಿವೇಚನೆಯಿಲ್ಲದೆ ನಾಶಪಡಿಸುವ ಯುದ್ಧಕೃತ್ಯವು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಬೋಧಿಸಿದೆ. ಅಂದು ಮಹಾಸಭೆಯ ಮುಂದಿದ್ದದ್ದು ಅಣುಬಾಂಬು. ಅಸ್ತ್ರ ಬದಲಾದ ಮಾತ್ರಕ್ಕೆ ಆ ಬೋಧನೆಯ ಹಿಂದಿರುವ ನೀತಿ ಬದಲಾಗುವುದಿಲ್ಲ.

ಅಂತರರಾಷ್ಟ್ರೀಯ ಕಾನೂನೂ ನಿಧಾನವಾಗಿ ಇದೇ ದಾರಿಯಲ್ಲಿ ಸಾಗುತ್ತಿದೆ. ಶಾಂತಿಕಾಲದಲ್ಲಿ ಪರಸ್ಪರರ ಅತ್ಯಗತ್ಯ ಸೇವಾ ವ್ಯವಸ್ಥೆಗಳಿಗೆ ಕಂಪ್ಯೂಟರ್ ಮೂಲಕ ಹಾನಿ ಮಾಡಬಾರದೆಂದು ಅಮೆರಿಕ, ರಷ್ಯಾ, ಚೀನಾ ಸಹಿತ 20 ದೇಶಗಳ ತಜ್ಞರ ಸಮಿತಿ 2015ರಲ್ಲಿ ವಿಶ್ವಸಂಸ್ಥೆಗೆ ಒಮ್ಮತದ ವರದಿ ನೀಡಿತು. ಯುಕ್ರೇನಿನ ದೀಪ ಆರಿದ್ದು ಅದೇ ವರ್ಷದ ಕೊನೆಯಲ್ಲಿ ಎಂಬುದು ದುಃಖದ ಸಂಗತಿ. ಆದರೂ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಯುಕ್ರೇನಿನ ವಿದ್ಯುತ್ ಜಾಲದ ಮೇಲೆ ನಡೆದ ಕ್ಷಿಪಣಿ ದಾಳಿಗಾಗಿ ರಷ್ಯಾದ ಇಬ್ಬರು ಸೇನಾಧಿಕಾರಿಗಳ ಬಂಧನಕ್ಕೆ ವಾರಂಟ್ ಹೊರಡಿಸಿತು. ಕ್ಷಿಪಣಿಯಿಂದ ಮಾಡಿದರೆ ಅಪರಾಧವಾಗುವುದು ಕೀಲಿಮಣೆಯಿಂದ ಮಾಡಿದರೆ ಜಾಣತನವಾಗುವುದು ಹೇಗೆ?

ಹಾಗಾದರೆ ನಾವು ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ರಕ್ಷಣೆ ಪ್ರತಿ ಸರಕಾರದ ಕರ್ತವ್ಯ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರ ಅಕ್ಟೋಬರ್‌ನಲ್ಲಿ ಸೈಬರ್ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದ್ದು ಸ್ವಾಗತಾರ್ಹ. ಗ್ರಿಡ್ ನಡೆಸುವ ಕಂಪ್ಯೂಟರುಗಳು ಕಚೇರಿಯ ಇಂಟರ್‌ನೆಟ್‌ನಿಂದ ಬೇರೆಯಾಗಿರಬೇಕು. ಆಸ್ಪತ್ರೆಗಳ ಜನರೇಟರ್ ಹೆಸರಿಗಷ್ಟೇ ಇರದೆ ಆಗಾಗ ಚಾಲನೆಗೊಳ್ಳಬೇಕು. ನಮ್ಮ ಧರ್ಮಕ್ಷೇತ್ರದ ಆಸ್ಪತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯುಕ್ರೇನಿನ ಪಾಠವನ್ನು ಮರೆಯಬಾರದು: ಕೈಯಿಂದ ಬ್ರೇಕರ್ ಹಾಕಬಲ್ಲ ಮನುಷ್ಯ ಬೇಕು. ಮಳೆಗಾಲದ ರಾತ್ರಿ ಮರ ಬಿದ್ದಾಗ ರೈನ್‌ಕೋಟು ತೊಟ್ಟು ಕಂಬ ಹತ್ತುವ ನಮ್ಮ ಲೈನ್‌ಮನ್‌ಗಳನ್ನು ತಡವಾಯಿತೆಂದು ಬೈಯುವ ನಾವು, ಅವರೂ ಈ ದೇಶದ ಕಾವಲುಗಾರರೆಂಬುದನ್ನು ಅರಿಯಬೇಕು. ಅವರ ಸಂಖ್ಯೆ, ತರಬೇತಿ, ಸುರಕ್ಷತೆಗೆ ಮಾಡುವ ಖರ್ಚು ದಂಡವಲ್ಲ.

ಆದರೆ ರಕ್ಷಣೆ ಬೇರೆ, ಪ್ರತೀಕಾರ ಬೇರೆ. ಕಳೆಯನ್ನು ಕಂಡ ಆಳುಗಳು ತಕ್ಷಣ ಕಿತ್ತುಹಾಕಲು ಹೊರಟಾಗ, ಅದರೊಂದಿಗೆ ಗೋದಿಯೂ ಕಿತ್ತುಬಂದೀತೆಂದು ಯಜಮಾನ ತಡೆದನಲ್ಲವೇ? ವೈರಿ ದೇಶದ ದೀಪ ಆರಿಸಿ ಸೇಡು ತೀರಿಸಿಕೊಳ್ಳಹೊರಟರೆ ಕಿತ್ತುಬರುವುದು ಗೋದಿಯೇ. ಆ ಗಡಿಯಾಚೆಗೂ ಒಂದು ಆಸ್ಪತ್ರೆಯಿದೆ, ಅಲ್ಲಿಯೂ ಇನ್‌ಕ್ಯುಬೇಟರಿನಲ್ಲಿ ಒಂದು ಕೂಸಿದೆ. ನಮ್ಮ ಮನೆಯ ದೀಪ ಆರದಿರಲೆಂದು ಪ್ರಾರ್ಥಿಸುವಾಗ ಅವರ ಮನೆಯ ದೀಪಕ್ಕಾಗಿಯೂ ಪ್ರಾರ್ಥಿಸೋಣ. ನಮ್ಮನ್ನಾಳುವವರಿಂದಲೂ ಅಷ್ಟನ್ನು ಕೇಳುವ ಧೈರ್ಯ ನಮಗಿರಲಿ.