ತೇಪೆ ಹಚ್ಚಿದರೆ ದೋಣಿ ತೇಲೀತೆ?

ಕುಂದಾಪುರ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಸೇತುವೆ ಬಂದಾಗಲೆಲ್ಲ ಈ ನೋಟ ಹೊಸದಲ್ಲ. ಹೊಳೆ ನಡುವೆ ಪುಟ್ಟದೊಂದು ಫೈಬರ್ ದೋಣಿ. ಒಬ್ಬ ಬಲೆ ಎಳೆಯುತ್ತಾನೆ, ಇನ್ನೊಬ್ಬ ಡಬ್ಬಿ ಹಿಡಿದು ನೀರು ಚೆಲ್ಲುತ್ತಲೇ ಇರುತ್ತಾನೆ. "ಎಂತ ಮಾರಾಯ್ರೆ, ದೋಣಿ ತೂತಾ?" ಅಂತ ಕೇಳಿದರೆ, "ಸ್ವಲ್ಪ ಒಸರ್ತದೆ, ಎಂ-ಸೀಲ್ ಹಚ್ಚಿದ್ದೇವೆ" ಎಂಬ ಉತ್ತರ ತಯಾರು.

ಸ್ವಲ್ಪ ಒಸರುವುದು ಸಣ್ಣ ಮಾತೇ? ಹಗುರ ಮರದ ಹಳೆಯ ದೋಣಿ ನೀರು ತುಂಬಿದರೂ ತೇಲಿಕೊಂಡಿರುತ್ತಿತ್ತು. ಬಿದ್ದವನಿಗೆ ಹಿಡಿದುಕೊಳ್ಳಲು ಅದೊಂದು ಆಸರೆ. ಫೈಬರ್ ಹಾಗಲ್ಲ. ಗಾಜಿನ ನಾರು, ರೆಸಿನ್ ಸೇರಿದ ಈ ಪ್ಲಾಸ್ಟಿಕ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬೇರೆ ಆಧಾರವಿಲ್ಲದ ದೋಣಿಗೆ ನೀರು ತುಂಬಿತೋ, ಎಂಜಿನ್ ಸಮೇತ ತಳ ಸೇರುತ್ತದೆ.

ಮದ್ದು ಇಲ್ಲದ ರೋಗವೇನಲ್ಲ. ಮೊದಲು ತೂತು ಹುಡುಕಬೇಕು. ದೋಣಿಯನ್ನು ದಡಕ್ಕೆ ಎಳೆದು, ಒಳಗೆ ನಾಲ್ಕು ಕೊಡ ನೀರು ಸುರಿದರೆ ಹೊರಗೆ ಎಲ್ಲಿ ಜಿನುಗುತ್ತದೆಂದು ತಿಳಿಯುತ್ತದೆ. ಆ ಜಾಗವನ್ನು ಚೆನ್ನಾಗಿ ಒಣಗಿಸಿ, ಉಜ್ಜಿ, ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಬೇಕು. ಒದ್ದೆ ಮೇಲೆ ಹಚ್ಚಿದ ತೇಪೆ ನಿಲ್ಲುವುದಿಲ್ಲ.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ನೀರು ತುಂಬಿದರೂ ತೇಲುವ ಏರ್ಪಾಡು ಬೇಕು. ಒಂದು ಲೀಟರ್ ಗಾಳಿಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಅದು ಸುಮಾರು ಒಂದು ಕಿಲೋ ಭಾರ ಎತ್ತುತ್ತದೆ. ಅಂಗಡಿಯಲ್ಲಿ ಖಾಲಿಯಾದ 15 ಲೀಟರಿನ ಆರು ಎಣ್ಣೆ ಕ್ಯಾನು ಬಾಯಿ ಮುಚ್ಚಿ ಕಟ್ಟಿದರೆ ಹತ್ತಿರ ಹತ್ತಿರ 90 ಕಿಲೋ! ಆದರೆ ಅವನ್ನು ತಳದಲ್ಲಿ ಕಟ್ಟಿದರೆ ನೀರು ತುಂಬಿದ ದೋಣಿ ಮಗುಚೀತು. ಎರಡೂ ಮಗ್ಗುಲಲ್ಲಿ, ಅಂಚಿನ ಕೆಳಗೆ, ಹಗ್ಗ ಬಿಗಿದು ಕಟ್ಟಬೇಕು. ಥರ್ಮಾಕೋಲ್ ಅಗ್ಗವೇನೋ ಸರಿ, ಪೆಟ್ರೋಲ್ ಬಿದ್ದರೆ ಕರಗಿಹೋಗುತ್ತದೆ. ನೀರು ಕುಡಿಯುವ ಸ್ಪಂಜು ಹಾಕಿದರಂತೂ ಇದ್ದ ಭಾರಕ್ಕೆ ಇನ್ನಷ್ಟು ಭಾರ.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಬೆಚ್ಚಗಿರುತ್ತವೆ. ಆಗ ಅಳಿವೆ ದಾಟಲು ಅನುಮತಿ ಇರುವುದು ನಾಡದೋಣಿಗೆ, 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿದವಕ್ಕೆ. ಕಡಲು ಕೆರಳಿರುವ ಹೊತ್ತಿನಲ್ಲೇ ಸಣ್ಣ ದೋಣಿ ಹೊರಡಬೇಕು. ಎಂಥ ಲೆಕ್ಕ ನೋಡಿ!

ಮಳೆಗಾಲಕ್ಕೆ ಮೊದಲು ಪ್ರತಿ ಸಣ್ಣ ದೋಣಿಯನ್ನೂ ಸೊಂಟಮಟ್ಟದ ನೀರಿನಲ್ಲಿ ನಿಲ್ಲಿಸಿ, ಅಂಚಿನವರೆಗೆ ನೀರು ತುಂಬಿಸಿ ನೋಡಲಿ. ನೆಟ್ಟಗೆ ತೇಲಿದರೆ ಪಾಸು, ಮುಳುಗಿದರೆ ರಿಪೇರಿ. ನಂಬರು ಕೊಡುವ ಇಲಾಖೆಯವರು ಇದಕ್ಕೆ ಒಂದು ದಿನ ದಡಕ್ಕೆ ಬರಲಿ. ದೋಣಿ ಮಾಡಿ ಮಾರುವವರು ಆಸನದ ಕೆಳಗೆ ನೀರು ಹೀರದ ಫೋಮ್ ತುಂಬಿಯೇ ಕೊಡಲಿ. ಹೆಣ ದಡಕ್ಕೆ ಬಂದ ಮೇಲೆ ಪರಿಹಾರದ ಚೆಕ್ ಹಿಡಿದು ಬರುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆ ಚೆಕ್ಕಿನ ಮುಂದೆ ಆರು ಖಾಲಿ ಕ್ಯಾನಿನ ಬೆಲೆ ಎಷ್ಟು ಮಹಾ?