ಗಂಟಲೊಳಗಿನ ಪೀಪಿ

ಮಕ್ಕಳೇ, ಒಂದು ಬೆಲೂನು ತನ್ನಿ. ಮೊದಲು ಮನೆಯ ಅಜ್ಜ ಅಜ್ಜಿಯರನ್ನು ಒಂದು ಮಾತು ಕೇಳಿಕೊಳ್ಳಿ, ಏಕೆಂದರೆ ಈಗ ಬರುವ ಸದ್ದು ಕಿವಿಗೆ ಅಷ್ಟೇನೂ ಹಿತವಲ್ಲ! ಬೆಲೂನಿಗೆ ಗಾಳಿ ತುಂಬಿ, ಅದರ ಬಾಯಿಯನ್ನು ಎರಡೂ ಕೈಬೆರಳುಗಳಿಂದ ಹಿಡಿದು ಅಕ್ಕಪಕ್ಕಕ್ಕೆ ಎಳೆಯಿರಿ. ಗಾಳಿ ಸಣ್ಣ ಸೀಳಿನಿಂದ ಹೊರಬರುತ್ತಾ ‘ಪೀ’ ಎನ್ನುತ್ತದೆ. ಇನ್ನಷ್ಟು ಬಿಗಿಯಾಗಿ ಎಳೆದರೆ ಸದ್ದು ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ.

ನೀವು ಬೆಳಗ್ಗೆಯಿಂದ ಮಾತಾಡಿದ್ದೂ ಹೆಚ್ಚು ಕಡಿಮೆ ಹೀಗೆಯೇ. ಗಾಳಿ ತುಂಬಿದ ಬೆಲೂನು ನಿಮ್ಮ ಶ್ವಾಸಕೋಶ. ಅದರ ಬಾಯಿ ಇರುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಅಲ್ಲಿರುವ ಎರಡು ಮಡಿಕೆಗಳಿಗೆ ಪುಸ್ತಕಗಳಲ್ಲಿ ‘ಧ್ವನಿತಂತು’ ಎಂಬ ಹೆಸರಿದೆ. ಈ ಹೆಸರಿನ ಮೇಲೆ ನನ್ನದೊಂದು ತಕರಾರು. ತಂತು ಎಂದೊಡನೆ ವೀಣೆಯ ತಂತಿ ನೆನಪಾಗುತ್ತದೆ, ಒಳಗೆ ಯಾರೋ ಕೂತು ಮೀಟುತ್ತಿದ್ದಾರೆ ಅನ್ನಿಸುತ್ತದೆ. ಅವು ತಂತಿಗಳೇ ಅಲ್ಲ. ಸದಾ ತೇವವಾಗಿರುವ, ಮೆತ್ತನೆಯ ಎರಡು ಮಡಿಕೆಗಳು. ದೊಡ್ಡವರಲ್ಲೂ ಅವುಗಳ ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ.

ಸುಮ್ಮನೆ ಉಸಿರಾಡುವಾಗ ಈ ಮಡಿಕೆಗಳು ದೂರ ಸರಿದು ದಾರಿ ಬಿಡುತ್ತವೆ. ಮಾತಾಡಲು ಹೊರಟಾಗ ಹತ್ತಿರ ಬಂದು ದಾರಿ ಮುಚ್ಚುತ್ತವೆ. ಕೆಳಗಿನಿಂದ ಬರುವ ಉಸಿರು ನೂಕಿ ನೂಕಿ ಅವನ್ನು ತೆರೆಯುತ್ತದೆ. ಒಂದಿಷ್ಟು ಗಾಳಿ ನುಗ್ಗಿದ ಕೂಡಲೇ ಅಲ್ಲಿನ ಒತ್ತಡ ಇಳಿಯುತ್ತದೆ, ಮಡಿಕೆಗಳು ತಮ್ಮ ಬಿಗಿತದಿಂದಲೇ ಹಿಂದಕ್ಕೆ ಬಂದು ಕೂಡಿಕೊಳ್ಳುತ್ತವೆ. ಮತ್ತೆ ಉಸಿರು ನೂಕುತ್ತದೆ, ಮತ್ತೆ ತೆರೆಯುತ್ತವೆ. ಮಾತಾಡುವಾಗ ಗಂಡಸರಲ್ಲಿ ಇದು ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಚಿಕ್ಕ ಮಕ್ಕಳಲ್ಲಿ 300ರ ಆಸುಪಾಸು. ಪ್ರತಿ ಸಲವೂ ಮಿದುಳು ‘ತೆರೆ, ಮುಚ್ಚು’ ಎಂದು ಅಪ್ಪಣೆ ಕೊಡುವುದಿಲ್ಲ. ಅಷ್ಟು ಬೇಗ ಎಳೆದು ಬಿಡಲು ಅಲ್ಲಿನ ಸ್ನಾಯುಗಳಿಗೂ ಆಗದು. ಅವು ಮಡಿಕೆಗಳನ್ನು ಸರಿಯಾದ ಜಾಗಕ್ಕೆ ತಂದು, ಬೇಕಾದಷ್ಟು ಬಿಗಿ ಮಾಡುತ್ತವೆ. ಉಳಿದದ್ದು ಉಸಿರಿನ ಕೆಲಸ.

13ನೇ ಶತಮಾನದ ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿದ್ದಾನೆ. ಅವನು ಹೇಳುವುದು ಹೊಕ್ಕುಳ ಬುಡದ ಮಾತು, ಗಂಟಲಿನದಲ್ಲ. ಆದರೂ ವೀಣೆಯನ್ನು ಬಿಟ್ಟು ಕಹಳೆಯನ್ನು ಆರಿಸಿಕೊಂಡನಲ್ಲ, ಅದು ನನಗೆ ಬಹಳ ಇಷ್ಟ. ಕಹಳೆ ಊದುವವನ ತುಟಿಗಳೂ ಉಸಿರಿನ ರಭಸಕ್ಕೆ ಹೀಗೆಯೇ ಪಟಪಟನೆ ತೆರೆದು ಮುಚ್ಚುತ್ತವೆ.

ಈಗ ಗಂಟಲ ಮೇಲೆ ಬೆರಳಿಟ್ಟು ‘ಸ್‌’ ಎಂದು ಎಳೆಯಿರಿ. ಏನೂ ಇಲ್ಲ. ‘ಮ್‌’ ಎನ್ನಿ. ಬೆರಳಿಗೆ ಜುಮ್ಮೆನ್ನುತ್ತದೆ! ವ್ಯಾಕರಣದ ಪಾಠದಲ್ಲಿ ಬರುವ ಅಘೋಷ, ಘೋಷಗಳ ಗುಟ್ಟು ಇದೇ. ಪಿಸುಮಾತಿನಲ್ಲಿ ಮಡಿಕೆಗಳು ಕಂಪಿಸುವುದೇ ಇಲ್ಲ. ಪಿಸುಗುಟ್ಟುತ್ತಾ ಒಂದು ಹಾಡು ಹಾಡಿ ನೋಡಿ, ರಾಗವೇ ಹುಟ್ಟುವುದಿಲ್ಲ.

ಬದುಕಿರುವ ಮನುಷ್ಯನ ಗಂಟಲಿನಲ್ಲಿ ಇದನ್ನೆಲ್ಲ ಸರಿಯಾಗಿ ನೋಡಿ ವಿವರಿಸಿದವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಹೆಸರು ಮ್ಯಾನುಯೆಲ್ ಗಾರ್ಸಿಯಾ. 1854ರಲ್ಲಿ ಪ್ಯಾರಿಸ್‌ನಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಇಟ್ಟು, ಇನ್ನೊಂದು ಕನ್ನಡಿಯಿಂದ ಅದಕ್ಕೆ ಬಿಸಿಲು ಹಾಯಿಸಿ, ತನ್ನ ಧ್ವನಿಯ ಮಡಿಕೆಗಳನ್ನು ತಾನೇ ನೋಡಿಕೊಂಡ. ಆತ 101 ವರ್ಷ ಬದುಕಿದ.

ಹದಿಮೂರು, ಹದಿನಾಲ್ಕರ ಹುಡುಗರೇ, ಈ ಮಾತು ನಿಮಗೆ. ಈಗ ನಿಮ್ಮ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತಿದೆ, ಮಡಿಕೆಗಳು ಉದ್ದವಾಗಿ ದಪ್ಪವಾಗುತ್ತಿವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಹೊಸ ಮಡಿಕೆಗಳ ಹದ ಸ್ನಾಯುಗಳಿಗೆ ಸಿಗುವ ತನಕ ನಡುನಡುವೆ ದನಿ ಒಡೆಯುತ್ತದೆ. ಪ್ರಾರ್ಥನೆ ಹಾಡುವಾಗ ಹಿಂದೆ ನಿಂತವರು ಕಿಸಕ್ಕೆಂದರೆ ನಗಲಿ ಬಿಡಿ. ಕಿರುಚದೆ, ಮೆಲ್ಲಗೆ ಹಾಡುತ್ತಿರಿ. ಹಾಡು ನಿಲ್ಲಿಸಬೇಕಾಗಿಲ್ಲ.

ನಮ್ಮಂಥ ಹಿರಿಯರ ಮಡಿಕೆಗಳು ವಯಸ್ಸಾದಂತೆ ತೆಳುವಾಗಿ ಸಡಿಲವಾಗುತ್ತವೆ. ದನಿ ನಡುಗುತ್ತದೆ, ಬೇಗ ದಣಿಯುತ್ತದೆ. ಅದು ಸಹಜ. ಆದರೆ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬಾರದು. ನನ್ನ ಗೆಳೆಯರೊಬ್ಬರ ದನಿ ಒರಟಾಗಿ ಎರಡು ತಿಂಗಳಾಗಿತ್ತು. ದಿನಾ ಶುಂಠಿ ಕಷಾಯ, ದಿನಾ ಬೀಡಿ, ಎರಡೂ ನಡೆದಿದ್ದವು. ಕೊನೆಗೆ ಮೊಮ್ಮಗಳು, “ತಾತ, ನಿನ್ನ ಕಥೇಲಿ ರಾಜನೂ ರಾಕ್ಷಸನೂ ಒಂದೇ ಥರ ಮಾತಾಡ್ತಾರೆ” ಅಂದಳಂತೆ. ಅವಳ ಒತ್ತಾಯಕ್ಕೆ ವೈದ್ಯರ ಹತ್ತಿರ ಹೋದರು. ಮಡಿಕೆಯ ಅಂಚಿನಲ್ಲಿ ಪುಟ್ಟ ಗಂಟೊಂದು ಬೆಳೆದು, ಎರಡೂ ಸರಿಯಾಗಿ ಕೂಡುತ್ತಿರಲಿಲ್ಲ. ಸಂದಿಯಿಂದ ಗಾಳಿ ಸೋರಿ ದನಿ ಕೆಟ್ಟಿತ್ತು. ಪುಣ್ಯಕ್ಕೆ ಅದು ಕೆಟ್ಟ ಗಂಟಲ್ಲ, ತೆಗೆದರು. ಅಂಥ ಜಾಗದಲ್ಲಿ ಕ್ಯಾನ್ಸರ್ ಕೂಡ ಇದೇ ಒರಟು ದನಿಯಿಂದ ಶುರುವಾಗಬಹುದು, ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಬೀಡಿ, ಸಿಗರೇಟು ಸೇದುವವರಂತೂ ತಡ ಮಾಡಲೇಬಾರದು. ಮಾತುಮಾತಿಗೆ ‘ಹ್ಹೂಂ’ ಎಂದು ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಬಿಡಿ, ಮಡಿಕೆಗಳು ಒಂದಕ್ಕೊಂದು ಬಡಿದು ಇನ್ನಷ್ಟು ಊದಿಕೊಳ್ಳುತ್ತವೆ. ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ.

ವೈದ್ಯರು ಮಿಣುಕುವ ಬೆಳಕೊಂದನ್ನು ಬಿಟ್ಟು ನೋಡಿದಾಗ, ಅಷ್ಟು ವೇಗವಾಗಿ ಕಂಪಿಸುವ ಮಡಿಕೆಗಳು ಪರದೆಯ ಮೇಲೆ ನೀರಿನ ಅಲೆಯಂತೆ ನಿಧಾನವಾಗಿ ಏಳುತ್ತಾ ಬೀಳುತ್ತಾ ಕಾಣುತ್ತವೆ. ಅದನ್ನು ನೋಡಿದ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: “ತಾತ, ಇದರಲ್ಲಿ ರಾಕ್ಷಸ ಎಲ್ಲಿದ್ದಾನೆ?”